ಹುಳದ ಮನೇಲಿ ಬಾಮ್ ಬೇಡ ಅಂದೋನಿಗೆ

ಬೋರೇಶ,

ಅವ್ವ ಹಣೆಗೆ ಒಸಿ ಬಾಮ್ ಹಚ್ಚಿದ್ದಕ್ಕೆ, ವಾಸನೆಗೆ ರೇಷ್ಮೆಹುಳ ಸಾಯ್ತವೆ ಅಂತ ಮನೆಯೆಲ್ಲ ಕೂಗಾಡಿದೋನು ನೀನು. ಈಗ ನಿನಗೇ ನೆಗಡಿ ಬಂದ್ರೆ ಬಾಮ್ ಮುಟ್ಟದೆ ಏನು ಮಾಡಿದ್ದೀಯ? ನೆಗಡಿ ಮಾತ್ರೆ, ಜ್ವರದ ಮಾತ್ರೆ, ಅದರ ಮೇಲೆ ಸಿರಪ್ಪು! ಮೂರರ ಹಿಂದೆನೂ ಪ್ಯಾರಾಸಿಟಮಾಲ್ ಅಂತ ಬರೆದೈತೆ ಕಣೋ. ಒಂದೇ ಔಷಧಿಯನ್ನ ಮೂರು ಸಲ ನುಂಗಿದ್ದೀಯ. ನಿನ್ನ ಲಿವರ್ ಏನು ಬಾಡಿಗೇದಾ?

ಮೂರನ್ನೂ ತಗೊಂಡು ರಾಮನಗರಕ್ಕೆ ಹೋಗ್ತಿದ್ದೀನಿ, ಡಾಕ್ಟ್ರನ್ನ ಕೇಳ್ಕೊಂಡು ಬತ್ತೀನಿ. ಅಲ್ಲೀವರೆಗೂ ಇನ್ನೇನೂ ನುಂಗಬೇಡ. ಆ ನೆಗಡಿ ಮಾತ್ರೆಗೆ ತೂಕಡಿಕೆ ಬತ್ತದೆ, ಬೈಕ್ ಮುಟ್ಟಬೇಡ. ವಾಂತಿ ಆದ್ರೆ ತಕ್ಷಣ ಫೋನ್ ಮಾಡು.

ಗಂಜಿ ಒಲೆ ಮೇಲೈತೆ. ಹುಳಕ್ಕೆ ಸೊಪ್ಪು ಹಾಕಿದ್ದೀನಿ.

ಬಾಮ್ ನಿನ್ನ ದಿಂಬಿನ ಪಕ್ಕ ಐತೆ. ಹಚ್ಕೊಂಡು ಮಲಕ್ಕೊ. ಹುಳ ಸತ್ರೆ ಸಾಯ್ಲಿ.

ಅಕ್ಕ