ಸೊಂಟದೆತ್ತರದ ಮಣ್ಣು

ಅಕ್ಕಾ,

ಈ ಸಲ ಟೊಮೆಟೊ ಸಸಿಗಳನ್ನು ನಿಂತುಕೊಂಡೇ ನೆಟ್ಟೆ ಕಣೇ. ಹೋದ ವಾರ ಕಳೆ ಕೀಳಲು ಮಂಡಿಯೂರಿದವಳಿಗೆ ಮತ್ತೆ ಏಳಲಾಗಲಿಲ್ಲ. ಪಕ್ಕದ ಮನೆಯ ಟೀಚರ್ ಬಟ್ಟೆ ಒಣಹಾಕಲು ಬರುವವರೆಗೂ ಮಣ್ಣಿನಲ್ಲೇ ಕೂತಿದ್ದೆ. ಅವರು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, "ಇನ್ನು ನೆಲದ ಸಹವಾಸ ಬಿಡಿ" ಎಂದು ಬೈದು, ತಮಗೆ ಗೊತ್ತಿದ್ದ ಬಡಗಿಯನ್ನು ಕಳಿಸಿದರು.

ಇವತ್ತು ಬೆಳಿಗ್ಗೆ ಅವನು ಬಂದು ಹಳೆಯ ಹಲಗೆಗಳಿಂದ ಉದ್ದನೆಯ ಪೆಟ್ಟಿಗೆ ಮಾಡಿ, ಸೊಂಟದೆತ್ತರಕ್ಕೆ ಕಾಲು ಕೊಟ್ಟು, ನೀರು ಬಸಿಯಲು ತಳದಲ್ಲಿ ತೂತು ಕೊರೆದ.

ಕಾಲು ಸೋತು ಕುರ್ಚಿ ಹಿಡಿದ ಮೇಲೆ ನೀನು ಇಂಥದ್ದನ್ನೇ ಕೇಳಿದ್ದೆ. "ಮಣ್ಣನ್ನ ನನ್ನ ಹತ್ರ ತಂದುಬಿಡೇ, ನಾನೂ ಕೈಯಾಡಿಸ್ತೀನಿ."

"ಅದೆಲ್ಲ ದೊಡ್ಡ ರಗಳೆ ಅಕ್ಕಾ. ನೀನು ಆರಾಮಾಗಿ ಕೂತ್ಕೋ, ಹಣ್ಣು ನಾನು ತಂದ್ಕೊಡ್ತೀನಿ" ಎಂದಿದ್ದೆ ನಾನು.

ನಾಲ್ಕು ಬೇಸಿಗೆ ತಂದುಕೊಟ್ಟೆ. ನೀನು ಒಂದೊಂದನ್ನೂ ತಿರುಗಿಸಿ ನೋಡಿ, ಮೂಸಿ, ತಟ್ಟೆಗೆ ಹಾಕುತ್ತಿದ್ದೆ. ಐದನೆಯ ಬೇಸಿಗೆಗೆ ನೀನಿರಲಿಲ್ಲ.

ಪೆಟ್ಟಿಗೆಗೆ ಮಣ್ಣು ತುಂಬಿದ ಮೇಲೆ ಬಡಗಿ, "ಕೂತ್ಕೊಂಡೂ ಕೆಲ್ಸ ಮಾಡ್ಬಹುದು ಅಮ್ಮಾ, ಕುರ್ಚಿ ತಂದು ನೋಡಿ" ಎಂದ. ನಿನ್ನದನ್ನೇ ತಂದು ಕೂತೆ. ಮಂಡಿ ಪೆಟ್ಟಿಗೆಯ ಕೆಳಗೆ ಸಲೀಸಾಗಿ ಹೋಯಿತು, ಕೈ ಮಣ್ಣಿಗೆ ಸಿಕ್ಕಿತು.

ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಅವನು ಕೈ ತೊಳೆದ.

"ಇಷ್ಟು ಬೇಗ ಮುಗೀತಾ?" ಎಂದೆ.

"ಇದೇನಮ್ಮಾ, ಅರ್ಧ ದಿನದ ಕೆಲ್ಸ" ಎಂದು ನಕ್ಕ.

ಅವನು ಹೋದ ಮೇಲೆ ಕುರ್ಚಿಯಿಂದ ಎದ್ದು ಎಂಟು ಸಸಿ ನೆಟ್ಟೆ. ಹತ್ತಕ್ಕೆ ಜಾಗವಿತ್ತು. ನಿನ್ನ ಕುರ್ಚಿಯ ಎದುರಿನ ಮಣ್ಣನ್ನು ಹಾಗೇ ಬಿಟ್ಟಿದ್ದೇನೆ.