ಮರಜರಿಗೆ ಹೊದಿಸಿದ ಕಂಬಳಿ

ಹೆಟ್ಟೀ,

ಮರದೆತ್ತರ ಬೆಳೆಯುವ ಜರಿ ಎಂದು ನೀನು ನೆಟ್ಟ ಮರಜರೀಗಿಡದ ಹೊದಿಕೆಯನ್ನು ಇವತ್ತು ಬಿಚ್ಚಿದೆವು. ಚಳಿಗಾಲಕ್ಕೆ ಮೊದಲು ಸುಳಿಗೆ ಒಣಹುಲ್ಲು ತುಂಬಿ, ತೆಳುಬಟ್ಟೆ ಸುತ್ತಿದರೆ ಸಾಕು ಎಂದು ನೀನೇ ಹೇಳಿಕೊಟ್ಟಿದ್ದೆ. ನಮ್ಮ ಷ್ರಾಪ್‌ಷೈರ್ ಸೀಮೆಯ ಹಿಮಕ್ಕೆ ಅದು ಎಲ್ಲಿ ಸಾಕು ಅನಿಸಿತು ಈ ನಿನ್ನ ಅಮ್ಮನಿಗೆ. ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ನಿನ್ನ ಹಾಸಿಗೆಯ ಕಂಬಳಿಯನ್ನು ಬಿಗಿದು ಕಟ್ಟಿದೆ. ನಡುವೆ ಬಿಸಿಲು ಬಿದ್ದಾಗಲೂ ಬಿಚ್ಚಲು ಧೈರ್ಯವಾಗಲಿಲ್ಲ.

ಪಕ್ಕದ ಮನೆಯ ವಿಲ್ಫ್ ಮಾಮ ಹಗ್ಗ ಕತ್ತರಿಸುತ್ತಾ, "ಏನ್ರೀ ಎನಿಡ್, ಒಂದು ಟೋಪಿನೂ ಹಾಕಿದ್ರೆ ಸ್ಕೂಲಿಗೇ ಕಳಿಸ್ಬಹುದಿತ್ತಲ್ಲ!" ಎಂದು ನಕ್ಕರು. ಒದ್ದೆ ಹುಲ್ಲನ್ನು ಕಿತ್ತು ಸುಳಿಯೊಳಗೆ ಕೈ ಹಾಕಿದವರ ನಗು ನಿಂತಿತು. ಮಗುವಿನ ಮುಷ್ಟಿಯಂತೆ ಮುದುಡಿದ ಎಳೆಗರಿಗಳು ಸಿಗಬೇಕಾದಲ್ಲಿ ಕಪ್ಪು ಲೋಳೆ ಕೈಗೆ ಬಂತು.

"ಚಳಿಗೆ ಹೋಯ್ತಾ?" ಎಂದೆ.

"ಇಲ್ಲ ಕಣ್ರೀ. ಚಳಿ ಒಳಗೆ ಬಂದೇ ಇಲ್ಲ. ಗಾಳಿನೂ ಬಂದಿಲ್ಲ. ಉಸಿರು ಕಟ್ಟಿ ಕೊಳೆತುಹೋಗಿದೆ."

ಉಸಿರು ಕಟ್ಟುತ್ತದೆ ಎಂಬ ಮಾತನ್ನು ನಾನು ಮೊದಲೂ ಕೇಳಿದ್ದೆ. ಇದೇ ಮನೆಯ ಬಾಗಿಲಲ್ಲಿ, ಸೂಟ್‌ಕೇಸ್ ಹಿಡಿದು ನಿಂತ ನಿನ್ನ ಬಾಯಿಂದ.

"ಮುಂದಿನ ಸಲ ಸ್ವಲ್ಪ ಸಡಿಲವಾಗಿ ಸುತ್ತಿ" ಎಂದು ಹೇಳಿ ಅವರು ಹೋದರು.

ಕಂಬಳಿಯನ್ನು ಒಗೆದು ಹರವಿದ್ದೇನೆ. ಒಣಗಿದ ಮೇಲೆ ಯಾರಿಗೆ ಹೊದಿಸಲಿ, ತಿಳಿಯುತ್ತಿಲ್ಲ.