ಹತ್ತು ಲಕ್ಷದ ಮುಂದಿನ ಬಾಣ

ಮಲಪ್ರಭೆಯ ದಂಡೆ,
ಶಕ ೨೩೧೪, ಚೈತ್ರದ ಮೂವತ್ತನಾಲ್ಕನೇ ದಿನ

ಪೂಜ್ಯ ಅಂಬಿಕಾ ಪತ್ತಾರ ಅಜ್ಜಿಯವರಿಗೆ, ನಿಮ್ಮಿಂದ ಹದಿನಾಲ್ಕನೇ ತಲೆಮಾರಿನ ಮೇದಿನಿಯ ನಮಸ್ಕಾರಗಳು.

ಚೈತ್ರಕ್ಕೆ ಮೂವತ್ತನಾಲ್ಕು ದಿನ ಹೇಗೆ ಬಂತೆಂದು ಕೇಳಬೇಡಿ, ಅದು ದೊಡ್ಡ ಕಥೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಪ್ರಯೋಗಾಲಯದ ನೋಟ್‌ಬುಕ್ಕಿನಿಂದ.

ನಾನು ಇಲ್ಲಿಯ ದಣಿವುಗಾತಿ, ಅಂದರೆ ಹಳೆಯ ಉಕ್ಕು ಎಷ್ಟು ದಣಿದಿದೆಯೆಂದು ನೋಡಿ ಹೇಳುವವಳು. ನಮ್ಮಲ್ಲಿ ಹೊಸ ಉಕ್ಕು ತಯಾರಾಗುವುದಿಲ್ಲ. ಅರವತ್ತು ವರ್ಷದ ಹಿಂದೆ ನಿಮ್ಮ ಕಾಲದ ಕಾರುಗಳ ತಗಡು ಜೋಡಿಸಿ ಹೊಳೆಗೆ ಕಾಲುಸೇತುವೆ ಕಟ್ಟಿದರು. ನೀವು ಪರೀಕ್ಷಿಸುತ್ತಿದ್ದ ಅದೇ ಎರಡು ಹದದ ಉಕ್ಕು: ಮೊಸರನ್ನದಲ್ಲಿ ದಾಳಿಂಬೆ ಕಾಳಿನಂತೆ, ಮೆತ್ತನೆಯ ಫೆರೈಟಿನ ನಡುವೆ ಗಟ್ಟಿ ಮಾರ್ಟೆನ್‌ಸೈಟ್. ಬಿರುಕು ಹೆಚ್ಚಾಗಿ ಹುಟ್ಟುವುದು ಇವೆರಡೂ ತಾಗುವ ಅಂಚಿನಲ್ಲಿ ಎಂದು ನೀವೇ ಬರೆದಿದ್ದೀರಿ.

ನಿಜ ಹೇಳುತ್ತೇನೆ, ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ದಿನಕ್ಕೆ ಮೂರು ತುಂಡು ಮುರಿದು, ಗುಜರಿ ಡಬ್ಬಿಗೆ ಎಸೆದು, ಆರಾಮಾಗಿ ಚಹಾ ಕುಡಿಯಲು ಹೋಗುತ್ತಿದ್ದಿರಿ! ನಾನು ಉಗುರಿನಷ್ಟು ಉಕ್ಕು ಮುರಿದರೂ ಊರಿನಿಂದ ಹೊರಗೆ ಹಾಕುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಮೇಲ್ಮೈ ನೋಡಿ ಊಹಿಸುವುದಷ್ಟೇ ನನ್ನ ಪಾಲು. ನಿಮ್ಮ ಆ ಗುಜರಿ ಡಬ್ಬಿ ನನಗೆ ಸಿಕ್ಕಿದ್ದರೆ ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದೆ.

ನೋಟ್‌ಬುಕ್ಕಿನ ನಲವತ್ತೊಂದನೇ ಪುಟಕ್ಕೆ ಬಂದಾಗ ಸಿಟ್ಟೂ ಬರುತ್ತದೆ. ನಿಮ್ಮ ಯಂತ್ರ ಹತ್ತು ಲಕ್ಷ ಸಲ ಬಾಗಿಸಿದರೂ ಅಲ್ಲಿಯ ತುಂಡು ಮುರಿದಿಲ್ಲ. ಮುರಿಯದ ತುಂಡಿನ ಗುರುತಿಗೆ, ನಿಮ್ಮವರ ಪದ್ಧತಿಯಂತೆ, ಬಾಣ ಹಾಕಿದ್ದೀರಿ. ಪಕ್ಕದಲ್ಲಿ ಪೆನ್ಸಿಲ್ಲಿನಿಂದ: ‘ನಾದಿನಿಯ ಸೀಮಂತ. ಯಂತ್ರ ನಿಲ್ಲಿಸಿ ಹೊರಟೆ.’ ನಮ್ಮ ಹಿರಿಯರು ಬಾಣ ನೋಡಿದರು, ಪೆನ್ಸಿಲ್ ಬರಹ ನೋಡಲಿಲ್ಲ. ಈ ಉಕ್ಕು ಎಂದಿಗೂ ಮುರಿಯದು ಎಂದು ಓದಿಕೊಂಡರು. ಒಬ್ಬರು ದಾಟಿದರೆ ಸೇತುವೆ ಒಮ್ಮೆ ಬಾಗುತ್ತದೆ, ಅದಕ್ಕೆ ಜೋಡಿಸಿದ ಎಣಿಕೆಯ ಮುಳ್ಳು ಒಂದು ಹಲ್ಲು ಸರಿಯುತ್ತದೆ. ಹತ್ತು ಲಕ್ಷಕ್ಕೆ ಇನ್ನು ಎರಡು ಸಾವಿರವಷ್ಟೇ ಉಳಿದಿದೆ, ಅದರಾಚೆ ಏನಾಗುವುದೋ ನೀವೂ ನೋಡಿಲ್ಲ. ಸೇತುವೆ ಮುಚ್ಚಿರೆಂದರೆ, ‘ಅಜ್ಜಿ ಬಾಣ ಹಾಕ್ಯಾಳ, ನೀ ಸುಮ್ನಿರು’ ಎನ್ನುತ್ತಾರೆ ಊರ ಹಿರಿಯ ಶಿವನಪ್ಪ. ಆಚೆ ದಡದ ಶಾಲೆಗೆ ನನ್ನ ಮಗಳು ದಿನಕ್ಕೆರಡು ಸಲ ಅದನ್ನೇ ದಾಟಬೇಕು.

ಅಜ್ಜಿ, ಸೀಮಂತಕ್ಕೆ ಹೋಗಿ, ಹೋಳಿಗೆ ಉಣ್ಣಿ, ಆ ಹೋಳಿಗೆಯ ಮೇಲೂ ನನಗೆ ಹೊಟ್ಟೆಕಿಚ್ಚೇ. ಆದರೆ ಯಂತ್ರ ನಿಲ್ಲಿಸಬೇಡಿ. ಇನ್ನೂ ನಾಲ್ಕು ದಿನ ಓಡಲಿ. ತುಂಡು ಮುರಿದರೆ ಬಾಣ ಅಳಿಸಿ ಅಲ್ಲಿ ಸಂಖ್ಯೆ ಬರೆಯಿರಿ. ಮಗಳು ಪಾಟೀಚೀಲ ಹೆಗಲಿಗೇರಿಸುವ ಮೊದಲು ಬಾಣ ಹೋಗಿ ಸಂಖ್ಯೆ ಬಂದಿದೆಯೇ ಎಂದು ದಿನವೂ ಆ ಪುಟ ತೆರೆದು ನೋಡುತ್ತೇನೆ.

ಇವತ್ತೂ ಬಾಣವೇ ಇತ್ತು.